ಅತ್ತೆಯ ಮಂಡಿಗೆ ನನ್ನ ಹೊಟ್ಟೆ

ನನ್ನ ಹೊಟ್ಟೆಯಿಂದಲೂ ಒಬ್ಬರಿಗೆ ಉಪಕಾರವಾಗಬಹುದು ಎಂದು ತಿಳಿದ ದಿನ ನಾನು ಭಾವುಕನಾದೆ.

ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ನನ್ನ ಕೆಲಸ. ಊಟದ ಬಿಡುವಿನಲ್ಲಿ ಮೊಬೈಲಿನಲ್ಲೊಂದು ವೀಡಿಯೊ ನೋಡಿದೆ. ಹೊಟ್ಟೆಯ ಕೊಬ್ಬಿನಲ್ಲಿ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಇರುತ್ತವಂತೆ, ಅವನ್ನು ತೆಗೆದು ಸವೆದ ಮಂಡಿಗೆ ಹಾಕಿ ರಿಪೇರಿ ಮಾಡುವ ಪ್ರಯತ್ನ ನಡೆದಿದೆಯಂತೆ. ಅಷ್ಟರಲ್ಲಿ ಬಿಡುವು ಮುಗಿಯಿತು. ಉಳಿದರ್ಧ ನೋಡುವ ಅಗತ್ಯ ನನಗೆ ಕಾಣಲಿಲ್ಲ.

ಬೂದಿಗೆರೆಯಲ್ಲಿರುವ ನಮ್ಮತ್ತೆಗೆ ಮಂಡಿನೋವು. ತಾರಸಿ ಹತ್ತಲಾಗದೆ ಆ ವರ್ಷ ಸಂಡಿಗೆ ಇಟ್ಟಿರಲಿಲ್ಲ. ಸಂಡಿಗೆ ಇಡದ ಬೇಸಿಗೆ ಅವರ ಪಾಲಿಗೆ ಬೇಸಿಗೆಯೇ ಅಲ್ಲ. ಅತ್ತೆಯೋ ಕಡ್ಡಿಯಂಥ ಹೆಂಗಸು, ಮೈಯಲ್ಲಿ ಕೊಬ್ಬೆಂಬುದೇ ಇಲ್ಲ. ರಕ್ತದಾನವಿದೆ, ನೇತ್ರದಾನವಿದೆ. ನಾನು ಕೊಬ್ಬುದಾನ ಘೋಷಿಸಿಬಿಟ್ಟೆ!

"ರೀ, ಡಾಕ್ಟರನ್ನ ಒಂದ್ಮಾತು ಕೇಳಿ," ಅಂದಳು ಹೆಂಡತಿ ಸುಮಾ.

"ಕೇಳೋಕೇನಿದೆ? ಕಣ್ಣಿಗೆ ಕಾಣೋ ಹಂಗಿದೆ," ಎಂದು ಹೊಟ್ಟೆ ತಟ್ಟಿಕೊಂಡೆ.

ವಿಷಯ ಕೇಳಿ ಅತ್ತೆಗೆ ಕಣ್ಣು ತುಂಬಿ ಬಂತು. ಅಳಿಯನಿಗೆ ಉಪಚಾರ ಎಲ್ಲ ಮನೆಗಳಲ್ಲೂ ಇದ್ದದ್ದೇ. ಅಂದಿನಿಂದ ನನಗೆ ಸಿಕ್ಕಿದ್ದು ಉಪಚಾರವಲ್ಲ, ಚಿಕಿತ್ಸೆಯ ಪೂರ್ವಸಿದ್ಧತೆ. ಒಂದು ಭಾನುವಾರ ತುಪ್ಪ ಸುರಿದ ಒಬ್ಬಟ್ಟು, ಇನ್ನೊಂದು ಭಾನುವಾರ ನಾಟಿಕೋಳಿ ಸಾರು, ಮುದ್ದೆ.

"ಸಾಕು ಅತ್ತೆ."

"ಇನ್ನೊಂಚೂರು ಹಾಕ್ಕೊಳ್ಳಿ ಅಳಿಯಂದ್ರೇ. ಇದೇನು ನಿಮ್ಮೊಬ್ಬರಿಗಾ? ನನ್ನ ಮಂಡೀಗೂ ಬೇಕಲ್ವಾ!"

ಪಕ್ಕದ ಮನೆಯ ಮುನಿಯಪ್ಪನವರು ಕಾಂಪೌಂಡಿನಾಚೆಯಿಂದ, "ಎರಡು ಮಂಡೀಗೂ ಸಾಕಾಗ್ತದಾ?" ಎಂದು ವಿಚಾರಿಸಿದರು. ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ. ತ್ಯಾಗ ಅಂದಮೇಲೆ ಅರ್ಧಕ್ಕೆ ನಿಲ್ಲಿಸಬಾರದು.

ಪ್ಯಾಂಟಿನ ಗುಂಡಿ ಕಿತ್ತುಬಂದ ವಾರ ನಾನೂ ಅತ್ತೆಯೂ ದೇವನಹಳ್ಳಿಯ ಮೂಳೆ ಡಾಕ್ಟರ ಮುಂದೆ ಕೂತೆವು. ನಾನು ಅಂಗಿ ಎತ್ತಿದೆ.

"ಮಂಡಿ ತೋರ್ಸಿ," ಅಂದರು ಡಾಕ್ಟರು.

"ಮಂಡಿ ಅವರದು ಸಾರ್. ನಾನು ದಾನಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಅದರಲ್ಲಿ ಸಾಮಾನ್ಯವಾಗಿ ಅವರವರ ಕೊಬ್ಬನ್ನೇ ಅವರವರಿಗೆ ಹಾಕೋದು. ಅದೂ ಇನ್ನೂ ಪರೀಕ್ಷೆ ಹಂತದಲ್ಲಿದೆ. ಅಮ್ಮನವರಿಗೆ ವ್ಯಾಯಾಮ ಹೇಳ್ಕೊಡ್ತೀನಿ, ದಿನಾ ಮಾಡ್ಲಿ. ನೀವು ತೂಕ ಇಳಿಸಿ."

ಬಸ್ಸಿನಲ್ಲಿ ಅತ್ತೆ ಊರು ಬರುವವರೆಗೂ ಮಂಡಿ ನೀವಿಕೊಳ್ಳುತ್ತಾ ಕೂತರು. ಪಾಪ, ಅವರು ಎಷ್ಟೊಂದು ಆಸೆ ಇಟ್ಟುಕೊಂಡಿದ್ದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆ ಭಾನುವಾರ ತಟ್ಟೆಗೆ ಬಿದ್ದದ್ದು ಸೊಪ್ಪಿನ ಸಾರು. ತುಪ್ಪ ಅಡುಗೆಮನೆಯಲ್ಲೇ ಉಳಿಯಿತು.

ಅತ್ತೆ ಹಠದ ಹೆಂಗಸು. ವ್ಯಾಯಾಮ ಒಂದು ದಿನವೂ ತಪ್ಪಿಸಲಿಲ್ಲ. ಈ ಬೇಸಿಗೆಯಲ್ಲಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ತಾರಸಿಯಲ್ಲಿ ಸಂಡಿಗೆ ಇಟ್ಟೇಬಿಟ್ಟರು! ನೋಡೋಣವೆಂದು ಖುಷಿಯಿಂದ ನಾನೂ ಹತ್ತಿದೆ. ಅರ್ಧದಲ್ಲಿ ನನ್ನ ಮಂಡಿ ಕಟಕ್ ಅಂತು.

ಅತ್ತೆ ಮೇಲಿಂದ ಬಗ್ಗಿ ನೋಡಿದರು. ತಲೆಯ ಮೇಲಿನ ವಿಮಾನದ ಸದ್ದು ಅಡಗುವವರೆಗೆ ಕಾದು ಹೇಳಿದರು: "ಅಲ್ಲೇ ಕೂತ್ಕೊಳ್ಳಿ ಅಳಿಯಂದ್ರೇ. ಒಣಗಿದ್ಮೇಲೆ ನಾನೇ ತಂದ್ಕೊಡ್ತೀನಿ."

ಕೂತೆ. ಈಗ ಮಂಡಿಯೂ ನನ್ನದೇ, ಕೊಬ್ಬೂ ನನ್ನದೇ. ಡಾಕ್ಟರು ಹೇಳಿದ ಷರತ್ತಿಗೆ ಸರಿಯಾಗಿ ಹೊಂದುತ್ತದೆ!