ದೊರ್ಕಮ್ಮನ ಬತ್ತದ ಡ್ರಮ್ಮು

ಪಾದ್ರಿಯವರು ಆ ಭಾನುವಾರ ಸ್ವರ್ಗದ ಬಗ್ಗೆ ಹೇಳಬಹುದಿತ್ತು, ನರಕದ ಬಗ್ಗೆ ಹೇಳಬಹುದಿತ್ತು. ಎರಡೂ ದೂರದ ಊರು, ದೊರ್ಕಮ್ಮನಿಗೆ ಯಾವ ತಕರಾರೂ ಇರಲಿಲ್ಲ. ಅದೆಲ್ಲ ಬಿಟ್ಟು ಅವರು ಪಕ್ಕದ ಮನೆಯ ಬಗ್ಗೆ ಹೇಳಿದರು.

“ದೇವರನ್ನ ಪ್ರೀತಿಸ್ತೀವಿ ಅಂತ ಭಾನುವಾರ ಹಾಡ್ತೀವಿ, ಸರಿ. ಸೋಮವಾರ ಅದು ಪಕ್ಕದ ಮನೆಯವರಿಗೆ ಗೊತ್ತಾಗುತ್ತಾ? ಬುಧವಾರದಿಂದ ಉಪವಾಸದ ನಲವತ್ತು ದಿನ ಶುರು. ಯಾರ ಜೊತೆ ಮಾತು ಬಿಟ್ಟಿದೀರೋ ಅವರ ಜೊತೆ ಸರಿಹೋಗಿ. ಆಮೇಲೆ ಈಸ್ಟರ್ ದಿನ ಕರ್ತನ ಭೋಜನಕ್ಕೆ ಕೈ ಚಾಚಿ.”

ಇಡೀ ತುಮಕೂರಿನಲ್ಲಿ ದೊರ್ಕಮ್ಮ ಮಾತು ಬಿಟ್ಟಿದ್ದು ಒಬ್ಬಳ ಜೊತೆ. ಆ ಒಬ್ಬಳು ಗೋಡೆಯಾಚೆಯೇ ಇದ್ದಳು, ಬಸವಲಿಂಗಮ್ಮ. ಇಬ್ಬರೂ ವಿಧವೆಯರು, ಇಬ್ಬರಿಗೂ ಅರವತ್ತೆಂಟು. ಇವಳು ಬೈಬಲ್ಲು ಓದಿ ಕಾಫಿ ಕುಡಿಯುವವಳು, ಅವಳು ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸಿ ಕಾಫಿ ಕುಡಿಯುವವಳು. ಇಪ್ಪತ್ತೆಂಟು ವರ್ಷ ಆ ಎರಡೂ ಕಾಫಿ ಒಂದೇ ಜಗಲಿಯ ಮೇಲೆ ನಡೆದಿದ್ದವು.

ಕೆಡಿಸಿದ್ದು ನುಗ್ಗೆಮರ. ದೊರ್ಕಮ್ಮ ಗುಬ್ಬಿಯ ತವರಿನಿಂದ ತಂದು ನೆಟ್ಟ ಕೊಂಬೆ ಅದು. ಬೇರು ಇವಳ ಕಾಂಪೌಂಡಿನಲ್ಲಿ, ಎಲೆಯೆಲ್ಲ ಅವಳ ಅಂಗಳದಲ್ಲಿ. ಎರಡು ವರ್ಷದ ಹಿಂದೆ ಬಸವಲಿಂಗಮ್ಮ ಹಳೇ ಸೀರೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದಾಗ ಎಡಗಡೆಯಿಂದ ಮೂರನೇ ಸಾಲಿನ ಮೇಲೆ ಆ ಮರದಿಂದ ಒಂದು ಕಂಬಳಿಹುಳು ಬಿತ್ತು.

“ಮರ ಕಡಿಸೇ,” ಎಂದಳು ಬಸವಲಿಂಗಮ್ಮ.

“ಸಂಡಿಗೇನ ಬಿಸಿಲಲ್ಲಿ ಒಣಗಿಸ್ತಾರೆ, ಮರದ ಕೆಳಗಲ್ಲ,” ಎಂದಳು ದೊರ್ಕಮ್ಮ.

ಅದೇ ಕಡೆಯ ಮಾತು. (ನಿಜ ಹೇಳಬೇಕೆಂದರೆ ಆಮೇಲೆ ಇನ್ನೂ ಹನ್ನೊಂದು ಮಾತು ನಡೆದವು. ಅವು ಬರೆಯುವಂಥವಲ್ಲ.)

ಅಲ್ಲಿಂದ ಈಚೆಗೆ ದೊರ್ಕಮ್ಮ ಆ ಸಿಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಕರ್ತನ ಭೋಜನದ ರೊಟ್ಟಿಯ ಚೂರು ತಿಂದು ಬರುತ್ತಿದ್ದಳು. ಇನ್ನು ಹಾಗೆ ಮಾಡುವಂತಿಲ್ಲ. ಹಾಗಂತ ತಾನೇ ಮೊದಲು ಹೋಗಿ ಮಾತಾಡಿಸುವುದೇ? ಅದಕ್ಕಿಂತ ನಲವತ್ತು ದಿನ ಊಟ ಬಿಡುವುದು ಸುಲಭ.

ಎರಡು ದಿನ ಯೋಚಿಸಿದ ಮೇಲೆ ಮಂಗಳವಾರ ಸಾರಿಗೆ ಒಗ್ಗರಣೆ ಹಾಕುವಾಗ ಜ್ಞಾನೋದಯವಾಯಿತು. ಮಾಡಿದ ಒಳ್ಳೆಯ ಕೆಲಸ ಯಾರ ಕಣ್ಣಿಗೂ ಬೀಳಬಾರದು ಎಂದು ಇದೇ ಪಾದ್ರಿಯವರು ಹೋದ ವರ್ಷ ಹೇಳಿದ್ದರು. ಎರಡು ಉಪದೇಶವನ್ನೂ ಸೇರಿಸಿ ಹೊಲಿದರೆ ಬಹಳ ಅನುಕೂಲದ ದಾರಿಯೊಂದು ಸಿಗುತ್ತಿತ್ತು. ಪ್ರೀತಿಯನ್ನೂ ತೋರಿಸಬಹುದು, ಬಾಯನ್ನೂ ಮುಚ್ಚಿಕೊಂಡಿರಬಹುದು. ಬಸವಲಿಂಗಮ್ಮನ ಅಂಗಳವನ್ನು ದಿನಾ ಗುಟ್ಟಾಗಿ ಗುಡಿಸುವುದೆಂದು ತೀರ್ಮಾನವಾಯಿತು.

ಬೆಳಿಗ್ಗೆ ಐದಕ್ಕೆ ಬಸವಲಿಂಗಮ್ಮ ಹಿತ್ತಲಿಗೆ ಹೋಗಿ ಬೋರ್‌ವೆಲ್ಲಿನ ಮೋಟರ್ ಹಾಕುತ್ತಾಳೆ. ಅದು ಕಾಲು ಗಂಟೆ ಗುಂಯ್ ಎನ್ನುತ್ತದೆ. ಅಷ್ಟು ಹೊತ್ತು ಅವಳು ಹಿಂದೆ, ಅಂಗಳ ಮುಂದೆ. ಮೋಟರ್ ಸದ್ದು ಕೇಳಿದ ಕೂಡಲೇ ದೊರ್ಕಮ್ಮ ಕಡ್ಡಿ ಪೊರಕೆ ಹಿಡಿದು, ಪಕ್ಕದ ಗೇಟಿನ ಚಿಲಕವನ್ನು ಸೆರಗಿನಲ್ಲಿ ಹಿಡಿದು ತೆಗೆದು ಒಳಗೆ ಹೋಗುತ್ತಿದ್ದಳು. ಮೂಲೆಯಿಂದ ಶುರು ಮಾಡಿ ಗೇಟಿನವರೆಗೆ ಗುಡಿಸಿ, ಎಲೆಯನ್ನು ಬಾಚಿ ಬುಟ್ಟಿಗೆ ತುಂಬಿ, ಒಂದು ಚೊಂಬು ನೀರು ಚಿಮುಕಿಸಿ, ಸದ್ದು ನಿಲ್ಲುವ ಮೊದಲೇ ಮನೆಗೆ ವಾಪಸ್ಸು. ಉಪವಾಸದ ದಿನ ಎಣಿಸುವಾಗ ಭಾನುವಾರ ಬಿಡಬೇಕು. ಆದರೆ ನುಗ್ಗೆಮರಕ್ಕೆ ಅದು ಗೊತ್ತಿರಲಿಲ್ಲವಾದ್ದರಿಂದ ದೊರ್ಕಮ್ಮ ಭಾನುವಾರವೂ ಗುಡಿಸಿದಳು.

ಎರಡನೇ ವಾರ ಅದ್ಭುತ ಶುರುವಾಯಿತು.

ಬೇಸಿಗೆಯಲ್ಲಿ ಆ ಬೀದಿಗೆ ನಲ್ಲಿ ನೀರು ಬರುವುದು ಐದು ದಿನಕ್ಕೊಮ್ಮೆ. ಹಿತ್ತಲ ಗೋಡೆಗೆ ಒತ್ತಿಟ್ಟ ನೀಲಿ ಡ್ರಮ್ಮು ಮೂರನೇ ದಿನಕ್ಕೆಲ್ಲ ತಳ ಕಾಣುತ್ತದೆ. ಈಗ ಐದನೇ ದಿನವೂ ಕಂಠದವರೆಗೆ ನೀರು. ಬಟ್ಟೆ ಒಗೆದರೂ ಇದೆ, ಕಂಬಳಿ ಒಗೆದರೂ ಇದೆ. ದೊರ್ಕಮ್ಮ ಮುಚ್ಚಳ ತೆಗೆದು ನೋಡಿದಳು, ಆಕಾಶ ನೋಡಿದಳು, ಮತ್ತೆ ಮುಚ್ಚಳ ಹಾಕಿದಳು.

ಸೊಸೆ ಅನುಪಮಾ ಕುಣಿಗಲ್ ಕಡೆಯವಳು, ಇದ್ದದ್ದನ್ನು ಇದ್ದ ಹಾಗೆ ಹೇಳುವ ಸ್ವಭಾವ. ಗಂಡ ಅಂತರಸನಹಳ್ಳಿಯ ಫ್ಯಾಕ್ಟರಿಗೆ ಆರರ ಶಿಫ್ಟಿಗೆ ಹೋಗಬೇಕಾದ್ದರಿಂದ ಐದು ಗಂಟೆಗೆಲ್ಲ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ.

“ಅತ್ತೆ, ಡ್ರಮ್ಮಿನ ವಿಷ್ಯ ಒಂದು ಹೇಳ್ಬೇಕಿತ್ತು.”

“ಹೇಳ್ಬೇಡ. ದೇವರು ಕೊಡೋದನ್ನ ಅಳೆಯೋಕೆ ಹೋಗ್ಬಾರ್ದು.”

“ಅಳೀತಿಲ್ಲ ಅತ್ತೆ. ಬೆಳಿಗ್ಗೆ ಪೈಪು...”

“ಪೈಪಲ್ಲಿ ನೀರು ಬಂದು ನಾಲ್ಕು ದಿನ ಆಯ್ತು ಕಣೇ. ಅದಕ್ಕೇ ಅಲ್ವಾ ಅದ್ಭುತ ಅನ್ನೋದು. ನಂಬಿಕೆ ಇದ್ದೋರಿಗೆ ಕಾಣುತ್ತೆ, ಸುಮ್ಕಿರು.”

ಅನುಪಮಾ ಪಾತ್ರೆ ತೊಳೆಯಲು ಹೋದಳು, ಅದೇ ನೀರಿನಲ್ಲಿ.

ಗುರುವಾರದ ಮಹಿಳಾ ಕೂಟದಲ್ಲಿ ದೊರ್ಕಮ್ಮ ಎದ್ದು ನಿಂತು ಸಾಕ್ಷಿ ಹೇಳಿದಳು. “ನಾನೊಂದು ಗುಟ್ಟಿನ ಸೇವೆ ಮಾಡ್ತಿದೀನಿ. ಏನು ಅಂತ ಹೇಳೋ ಹಾಗಿಲ್ಲ. ಪೊರಕೆಗೆ ಸಂಬಂಧಪಟ್ಟಿದ್ದು ಅಂತ ಮಾತ್ರ ಹೇಳ್ತೀನಿ. ಅದಕ್ಕೆ ದೇವರು ನನ್ ಡ್ರಮ್ಮನ್ನ ಆಶೀರ್ವದಿಸವ್ನೆ.” ಹೆಂಗಸರು ಸ್ತೋತ್ರ ಎಂದರು. ಮುಂದಿನ ಗುರುವಾರ ಮತ್ತೆ ಕೇಳಿ ಹೇಳಿಸಿದರು. ಅಷ್ಟರಲ್ಲಿ ಡ್ರಮ್ಮಿನ ನೀರು ಸ್ವಲ್ಪ ಸಿಹಿಯಾಗಿಯೂ ಇತ್ತು. ಅದರ ಮುಂದಿನ ಗುರುವಾರ ಅದರಿಂದ ಒಬ್ಬರ ಮಂಡಿನೋವು ಕಡಿಮೆಯಾಗಿತ್ತು. (ದೊರ್ಕಮ್ಮ ಹಾಗೆ ಹೇಳಿರಲಿಲ್ಲ. ಅಲ್ಲವೆಂದೂ ಹೇಳಿರಲಿಲ್ಲ.)

ಹೀಗಾಗಿ ಶುಭ ಶುಕ್ರವಾರ ಮೂರು ಗಂಟೆಗೆ ಆರಾಧನೆ ಮುಗಿದದ್ದೇ ತಡ, ನಾಲ್ಕು ಜನ ಹೆಂಗಸರು ಬಾಟಲಿ ಹಿಡಿದು ದೊರ್ಕಮ್ಮನ ಹಿಂದೆಯೇ ಬಂದರು. ಮುಂದಾಳು ನಿವೃತ್ತ ಟೀಚರ್ ಶಕುಂತಲಮ್ಮ. ಅವರ ನಂಬಿಕೆ ದೊಡ್ಡದು, ಐದು ಲೀಟರಿನ ಕ್ಯಾನು ತಂದಿದ್ದರು.

ಹಿತ್ತಲಲ್ಲಿ ದೊರ್ಕಮ್ಮ ಗಂಭೀರವಾಗಿ ಮುಚ್ಚಳ ತೆಗೆದಳು. ತಳದಲ್ಲಿ ಮೂರು ಬೆರಳು ನೀರು, ಅದರ ಮೇಲೆ ಒಂದು ಪ್ಲಾಸ್ಟಿಕ್ ಮಗ್ಗು.

“ನಿನ್ನೆ ಹಬ್ಬಕ್ಕೆ ಅಂತ ಬಟ್ಟೆಯೆಲ್ಲ ಒಗೆದೆ, ಬೆಳಿಗ್ಗೆಯಿಂದ ಕರೆಂಟ್ ಇರ್ಲಿಲ್ಲ ಅತ್ತೆ,” ಎಂದಳು ಅನುಪಮಾ.

“ಅದ್ಭುತಕ್ಕೂ ಕರೆಂಟಿಗೂ ಏನೇ ಸಂಬಂಧ?” ಎಂದು ದೊರ್ಕಮ್ಮ ಕೇಳಿ ಮುಗಿಸಿರಲಿಲ್ಲ, ಗೋಡೆಯಾಚೆ ಮೋಟರ್ ಗುಂಯ್ ಎಂದಿತು. ಗೋಡೆಯ ಮೇಲಿಂದ ಹಸಿರು ಪೈಪೊಂದು ತಲೆಯೆತ್ತಿ, ಅತ್ತಿತ್ತ ಆಡಿ, ಎಷ್ಟೋ ದಿನದ ಅಭ್ಯಾಸದಂತೆ ನೇರ ಡ್ರಮ್ಮಿನೊಳಗೆ ಇಳಿಯಿತು. ಅದರ ಹಿಂದೆ ವಿಭೂತಿ ಹಚ್ಚಿದ ಹಣೆಯೊಂದು ಮೂಡಿತು.

“ಈಗ ಬಂತು ನೋಡು ಕರೆಂಟು. ಪೈಪ್ ಹಿಡ್ಕೊಳವ್ವ ಅನುಪಮಾ,” ಎಂದ ಬಸವಲಿಂಗಮ್ಮ ಬಾಟಲಿಗಳ ಸಾಲನ್ನು ನೋಡಿ ನಿಂತಳು. “ಏನಿದು, ನಿಮ್ಮನೇಲೂ ನೀರಿಲ್ವಾ?”

ದೊರ್ಕಮ್ಮನ ಬಾಯಿಂದ ಎರಡು ವರ್ಷದ ಮೇಲೆ ಮೊದಲ ಮಾತು ಹೊರಟಿತು. “ನೀನಾ?”

“ಇನ್ಯಾರು? ನಿನ್ ಕೈಲಿ ದಿನಾ ಬಿಟ್ಟಿ ಅಂಗಳ ಗುಡಿಸಿಸ್ಕೊಂಡು ಹೋಗಿ ಪೂಜೆಗೆ ಕೂತ್ರೆ ಶಿವ ಒಪ್ತಾನಾ? ಅದಕ್ಕೇ ನೀನು ಮುಂದೆ ಗುಡಿಸೋ ಹೊತ್ತಲ್ಲಿ ನಾನು ಹಿಂದೆ ನೀರು ಬಿಡ್ತಿದ್ದೆ.”

“ನಾನು ಗುಡಿಸೋದು ಗೊತ್ತಿತ್ತಾ ನಿಂಗೆ?”

“ಮೂವತ್ತು ವರ್ಷದಿಂದ ಕೇಳಿದೀನಿ ಕಣೇ ನಿನ್ ಪೊರಕೆ. ಮೂರು ಸಲ ಗೀಚಿ ಒಂದು ಸಲ ಕುಟ್ತೀಯ. ಮೇಲೆ ಕೀರ್ತನೆ ಬೇರೆ. ಗುಟ್ಟಾಗಿ ಗುಡಿಸೋರು ಹಾಡ್ಕೊಂಡು ಗುಡಿಸ್ತಾರಾ?”

ತಾನು ಹಾಡುತ್ತಿದ್ದೆ ಎಂದು ದೊರ್ಕಮ್ಮನಿಗೆ ಆಗಲೇ ಗೊತ್ತಾದದ್ದು. ಅನುಪಮಾ ತಲೆ ತಗ್ಗಿಸಿ ಪೈಪು ಹಿಡಿದಿದ್ದಳು, ಅವಳ ಹೆಗಲು ಕುಲುಕುತ್ತಿತ್ತು.

“ಗೊತ್ತಿದ್ರೆ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀನು ನಿಲ್ಸ್‌ಬುಡ್ತಿದ್ದೆ. ಎರಡು ವರ್ಷ ನಿನ್ ಎಲೆ ಗುಡಿಸಿ ನನ್ ಸೊಂಟ ಬಿದ್ದೋಗಿತ್ತು.”

ಶಕುಂತಲಮ್ಮ ಟೀಚರಲ್ಲವೇ, ಅಲ್ಲೇ ಹಿಡಿದರು. “ನಿನ್ ಎಲೆ ಅಂದ್ರೆ?”

“ಇವಳ ಮರದ್ದು ಮೇಡಂ. ಇವಳ ಕಸ ಇವಳು ಗುಡಿಸ್ತಿದ್ಲು, ಅಷ್ಟೇ.”

ನಾಲ್ಕು ಜನವೂ ದೊರ್ಕಮ್ಮನನ್ನು ನೋಡಿದರು, ನುಗ್ಗೆಮರವನ್ನು ನೋಡಿದರು. ಇಷ್ಟೂ ದಿನದ ಮಹಾಸೇವೆ ಒಂದು ಬುಟ್ಟಿ ಎಲೆಯಾಗಿ ಕೆಳಗೆ ಉದುರಿತು. ದೊರ್ಕಮ್ಮ ಡ್ರಮ್ಮಿನ ಅಂಚು ಹಿಡಿದುಕೊಂಡಳು. ಒಳಗೆ ನೀರು ಏರುತ್ತಾ ಇತ್ತು.

“ಸಂಡಿಗೆ ವಿಷ್ಯದಲ್ಲಿ ನಾನು ಹಂಗನ್ಬಾರ್ದಿತ್ತು,” ಎಂದಳು ಕೊನೆಗೆ, ನೀರಿಗೆ ಹೇಳಿದ ಹಾಗೆ.

“ನಾನೂ ಮರದ ಕೆಳಗೆ ಇಡ್ಬಾರ್ದಿತ್ತು,” ಎಂದಿತು ಗೋಡೆಯ ಮೇಲಿನ ವಿಭೂತಿ. “ಕಾಫಿ ಇಟ್ಟಿದೀನಿ. ಈ ಬಾಟ್ಲಿಯೋರ್ನೂ ಕರ್ಕೊಂಡ್ ಬಾ.”

ಶಕುಂತಲಮ್ಮ ಹೊರಡುವಾಗ ಕ್ಯಾನನ್ನು ತುಂಬಿಸಿಕೊಂಡೇ ಹೊರಟರು. ಅದ್ಭುತವಲ್ಲದಿದ್ದರೂ ಬೋರ್‌ವೆಲ್ ನೀರು ಒಳ್ಳೆಯದು ಎಂದರು.

ಈಸ್ಟರ್ ದಿನ ದೊರ್ಕಮ್ಮ ಸಭೆಯ ಮುಂದೆ ನಿಂತು ಸಾಕ್ಷಿಯನ್ನು ತಿದ್ದಿದಳು. “ನಾನು ಗುಡಿಸಿದ್ದು ನಂದೇ ಎಲೆ. ನೀರು ಬಸವಲಿಂಗಮ್ಮಂದು. ಸಿಹಿ ಇರ್ಲಿಲ್ಲ. ಮಂಡಿನೋವಿನ ವಿಷ್ಯ ನಂಗೆ ಗೊತ್ತಿಲ್ಲ.” ಸಭೆಯೆಲ್ಲ ನಕ್ಕಿತು, ಪಾದ್ರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವಳು ಮುಂದೆ ಹೋಗಿ ಮೊಣಕಾಲೂರಿ ಕೈ ಚಾಚಿದಳು. ಆ ಪುಟ್ಟ ರೊಟ್ಟಿಯ ಚೂರನ್ನು ಎರಡು ವರ್ಷದಲ್ಲಿ ಮೊದಲ ಸಲ ಸೆರಗಿನಲ್ಲಿ ಸಿಟ್ಟಿನ ಗಂಟಿಲ್ಲದೆ ತಿಂದಳು.

ಸೋಮವಾರ ಬೆಳಿಗ್ಗೆ ಐದಕ್ಕೆ ದೊರ್ಕಮ್ಮ ಎಚ್ಚರವಾಗಿಯೇ ಹಾಸಿಗೆಯಲ್ಲಿ ಕಾಲು ಚಾಚಿ ಮಲಗಿದ್ದಳು. ವ್ರತ ಮುಗಿದಿತ್ತು. ಮೋಟರ್ ಗುಂಯ್ ಎಂದಿತು, ಸ್ವಲ್ಪ ಹೊತ್ತಿಗೆ ತಟ್ಟನೆ ನಿಂತಿತು. ಗೋಡೆಯಾಚೆಯಿಂದ ದನಿ ಬಂತು.

“ದೊರ್ಕಮ್ಮ, ಈಸ್ಟರ್ ಮುಗೀತು ಅಂತ ನಿನ್ ಮರಕ್ಕೆ ಯಾರೂ ಹೇಳಿಲ್ಲ ಕಣೇ. ಎದ್ದು ಬಾ. ಆ ಹಾಡು ಮಾತ್ರ ಸ್ವಲ್ಪ ಜೋರಾಗಿ ಹೇಳು, ಹಿತ್ತಲಿಗೆ ಅರ್ಧಂಬರ್ಧ ಕೇಳ್ಸುತ್ತೆ.”