ಗೋಡೌನಿನ ಅಟ್ಟದ ಗೂಬೆ ಸಂಸಾರ

ಭಾಷಣ ಮಾಡುವವರಿಗೆ ಒಂದು ದೊಡ್ಡ ಅನುಕೂಲವಿದೆ. ಕೇಳಿದವರು ಮನೆ ಮುಟ್ಟುವ ಮೊದಲೇ ಎಲ್ಲವನ್ನೂ ಮರೆತಿರುತ್ತಾರೆ. ಈ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ಐನಾಪುರದಲ್ಲಿ ಕರೆದಲ್ಲೆಲ್ಲ ಹೋಗಿ, ಶಾಲು ಹೊದ್ದು, ತೆಂಗಿನಕಾಯಿ ಹಿಡಿದು, ಬಾಯಿಗೆ ಬಂದದ್ದನ್ನು ಮಾತಾಡಿ ಬಂದಿದ್ದೇನೆ. ಬೀಜ-ಗೊಬ್ಬರದ ಅಂಗಡಿಯವನನ್ನು ಅಧ್ಯಕ್ಷತೆಗೆ ಏಕೆ ಕರೆಯುತ್ತಾರೆಂದು ನೀವು ಕೇಳಬಹುದು. ನನ್ನ ಅಂಗಡಿಯ ಮುಂದೆ ಒಂದಷ್ಟು ಪ್ಲಾಸ್ಟಿಕ್ ಕುರ್ಚಿಗಳಿವೆ. ಕಾರ್ಯಕ್ರಮಕ್ಕೆ ಕುರ್ಚಿ ಕೇಳಲು ಬಂದವರು ಸಂಕೋಚಕ್ಕೆ ನನ್ನನ್ನೂ ಕರೆದುಬಿಡುತ್ತಾರೆ. ಹೋದ ಚಳಿಗಾಲದಲ್ಲಿ ಮಾತ್ರ, ಕೇಳಿದವರು ಮರೆಯದೆ ಹೋದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಾಯಿತು.

ಆ ಸಲ ಕುರ್ಚಿ ಕೇಳಲು ಬಂದವರು ಇಬ್ಬರು ಹುಡುಗರು. ರೇಣುಕಾ ಪಾಲಬಾವಿಯವಳು, ಇರ್ಫಾನ್ ಅಥಣಿಯವನು. ಇಬ್ಬರೂ ಬಿ.ಎಸ್ಸಿ. ಮುಗಿಸಿ, ಪರಿಸರದ ಕೆಲಸ ಮಾಡುವ ಯಾವುದೋ ಸಂಸ್ಥೆಗೆ ಸೇರಿ, ಒಂದು ಹಳೆಯ ಸ್ಕೂಟಿಯ ಮೇಲೆ ದುರ್ಬೀನು ಮತ್ತು ಹಕ್ಕಿ-ಹಾವಿನ ಚಿತ್ರಪಟಗಳನ್ನು ಹೇರಿಕೊಂಡು ನಮ್ಮ ಕಡೆಯ ಶಾಲೆಗಳನ್ನೆಲ್ಲ ತಿರುಗುತ್ತಿದ್ದರು. ಈ ಕೆಲಸಕ್ಕೆ ಊರ ಕಡೆ ಇನ್ನೂ ಒಂದು ಹೆಸರು ಹುಟ್ಟಿಲ್ಲ. ರೇಣುಕಾಳ ತಾಯಿ ಓಣಿಯವರಿಗೆ "ಮಗಳು ಟೀಚರ್ ಅದಾಳ" ಎಂದು ಹೇಳಿ ಕೈತೊಳೆದುಕೊಂಡಿದ್ದರು. ಇರ್ಫಾನನ ಅಪ್ಪ ಮಾತ್ರ ದಿನಾ ಬೆಳಿಗ್ಗೆ "ಹಕ್ಕಿ ನೋಡಾಕ ಪಗಾರ ಕೊಡ್ತಾರೇನ್ಲೇ? ಖರೇ ಹೇಳಲೇ" ಎಂದು ಅವನನ್ನು ಅನುಮಾನದಿಂದ ನೋಡುತ್ತಿದ್ದರಂತೆ.

ನಮ್ಮೂರ ಶಾಲೆಯಲ್ಲಿ ನಡೆದ ಅವರ ಕಾರ್ಯಕ್ರಮದಲ್ಲಿ ನಾನು ಜೀವದಯೆಯ ಬಗ್ಗೆ ಮಾತಾಡಿದೆ. ನಾವು ಜೈನರು, ವಿಷಯ ಮನೆಯದೇ. "ಗೊಬ್ಬರದ ಅಂಗಡಿ ಇಟ್ಟರೂ ಇಲಿಯ ಪಾಷಾಣ ಮಾರಿದವನಲ್ಲ, ಯಾವ ಜೀವ ಬಂದರೂ ನಮ್ಮ ಮನೆಯಿಂದ ಹೊರಗೆ ಹಾಕುವುದಿಲ್ಲ" ಎಂದೆಲ್ಲ ಹೇಳಿ ಚಪ್ಪಾಳೆ ತೆಗೆದುಕೊಂಡೆ. ಇದರಲ್ಲಿ ಮೊದಲನೆಯ ಮಾತು ನಿಜ. ಎರಡನೆಯದಕ್ಕೆ ಸ್ವಲ್ಪ ವಿವರಣೆ ಬೇಕು. ನಮ್ಮ ಗೋಡೌನಿನ ತುಂಬ ಇಲಿಗಳು. ಅವನ್ನು ನಾನು ಬೋನಿನಲ್ಲಿ ಜೀವಂತ ಹಿಡಿದು, ಬೈಕಿನ ಮೇಲೆ ಕೂಡಿಸಿಕೊಂಡು ಹೋಗಿ, ಕಾಲುವೆಯ ಆಚೆ ಒಬ್ಬರ ಕಬ್ಬಿನ ಹೊಲದಲ್ಲಿ ಬಿಟ್ಟು ಬರುತ್ತಿದ್ದೆ. ಆ ಕಬ್ಬಿನವರೂ ಜೈನರೇ. ಅವರೂ ಬೋನು ಇಟ್ಟು, ಇಲಿ ಹಿಡಿದು, ನಮ್ಮ ಓಣಿಯ ಹಿಂದೆ ತಂದು ಬಿಡುತ್ತಿದ್ದರೆಂದು ಬಹಳ ತಡವಾಗಿ ತಿಳಿಯಿತು. ಅಂದರೆ ಧರ್ಮಕ್ಕೆ ಅಂಜುವ ಎರಡು ಮನೆತನಗಳು ಸೇರಿ ಒಂದೇ ಇಲಿಗಳಿಗೆ ಪುಕ್ಕಟೆ ಬೈಕ್ ಸವಾರಿ ಮಾಡಿಸುತ್ತಿದ್ದೆವು.

ಇದಾದ ಕೆಲವು ದಿನಕ್ಕೆ ನಮ್ಮ ಮಗಳು ಸ್ನೇಹಲ್ ಚೊಚ್ಚಲ ಹೆರಿಗೆಗೆ ನಿಪ್ಪಾಣಿಯಿಂದ ಬಂದಳು. ಅವಳು ಬಂದ ವಾರದಲ್ಲೇ ಒಂದು ಸಂಜೆ ನನ್ನ ಹೆಂಡತಿ ಸುಶೀಲಾ ಗೋಡೌನಿನಿಂದ ಓಡಿ ಬಂದಳು. "ಏನ್ರಿ, ಅಟ್ಟದ ಮ್ಯಾಲ ಹಾವ್ ಐತ್ರಿ! ಬುಸ್ ಬುಸ್ ಅನ್ನಾಕತ್ತೈತಿ!" ನಾನು ಕೂಡಲೇ ಆ ಹುಡುಗರಿಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆಯೇ ಬಂದರು. ರೇಣುಕಾ ಏಣಿ ಹತ್ತಿದಳು, ಇರ್ಫಾನ್ ಏಣಿ ಹಿಡಿದ, ನಾನು ಬಾಗಿಲಾಚೆ ನಿಂತು ಧೈರ್ಯ ಹೇಳುವ ಕೆಲಸ ವಹಿಸಿಕೊಂಡೆ. ಆಮೇಲೆ ಅವಳು ಕೆಳಗಿಳಿದು, "ಕಾಕಾ, ಹಾವಲ್ರಿ" ಎಂದಳು. ನನಗೆ ಹೋದ ಜೀವ ಬಂತು. "ಗೂಗಿ ಮರಿ ಮಾಡ್ಯಾವ್ರಿ! ನಾನೂ ಬರೇ ಚಿತ್ರದಾಗ ನೋಡಿದ್ದೆ!" ಎಂದು ಕುಣಿದಾಡಿದಳು. ಸುಶೀಲೆಗೆ ಬಂದ ಜೀವ ಹೋಯಿತು. ಮುರಿದ ಬೆಳಕಿಂಡಿಯಿಂದ ಒಳಗೆ ಬಂದು, ಬೆಳ್ಳನೆಯ ಗೂಬೆಯ ಜೋಡಿಯೊಂದು ನಮ್ಮ ಅಟ್ಟದಲ್ಲಿ ಸಂಸಾರ ಹೂಡಿತ್ತು. ಬುಸ್ ಎನ್ನುತ್ತಿದ್ದವು ಅದರ ಮರಿಗಳು.

"ಹಾವರ ಇರಬಾರದಿತ್ತ?" ಎಂದು ಸುಶೀಲಾ ಕೂತುಬಿಟ್ಟಳು. ಬಸುರಿ ಇರುವ ಮನೆಯಲ್ಲಿ ಗೂಬೆ! ಅವಳ ಅಂಜಿಕೆ ಅಷ್ಟೇ ಆಗಿರಲಿಲ್ಲ. ನಿಪ್ಪಾಣಿಯ ನಮ್ಮ ಬೀಗತಿ ಶಕುನ ನೋಡದೆ ಹೊಸ್ತಿಲು ದಾಟುವವರಲ್ಲ. ಹೆರಿಗೆ ನಿಪ್ಪಾಣಿಯಲ್ಲೇ ಆಗಲಿ, ಅಲ್ಲಿ ದವಾಖಾನೆಗಳು ಚೆನ್ನಾಗಿವೆ ಎಂದು ಅವರು ಮೊದಲೇ ಎಳೆದಾಡಿದ್ದರು. ಈಗ ಗೂಬೆಯ ಸುದ್ದಿ ಕಿವಿಗೆ ಬಿದ್ದರೆ ನಿಂತ ಕಾಲಲ್ಲಿ ಸೊಸೆಯನ್ನು ಕರೆದುಕೊಂಡು ಹೋಗುತ್ತಾರೆ. ಸುಶೀಲಾ ಹುಟ್ಟುವ ಕೂಸಿಗೆಂದು ಮೆತ್ತನೆಯ ಹಳೆಯ ಸೀರೆಗಳನ್ನು ಹರಿದು, ಒಗೆದು, ಮಡಿಸಿ ಇಟ್ಟಿದ್ದಳು. "ಚೊಚ್ಚಲ ಬಾಣಂತನ ತವರಿನಾಗ ಆಗಲಿಲ್ಲಂದ್ರ ನಾ ಮಂದಿಗೆ ಏನ್ ಮಾರಿ ತೋರಿಸ್ಲಿ?" ಎನ್ನುವಾಗ ಅವಳ ಕಣ್ಣು ತುಂಬಿತು.

"ತಂಗಿ, ಇವನ್ನ ಎತ್ತಿ ಬ್ಯಾರೆ ಕಡೆ ಇಡವಾ" ಎಂದೆ. ರೇಣುಕಾ ಹೊರಗೆ ಹೋಗಿ ತನ್ನ ಸಂಸ್ಥೆಯ ಮೇಲಿನವರಿಗೆ ಫೋನ್ ಮಾಡಿ ಬಂದಳು. "ಬ್ಯಾರೆ ಕಡೆ ಇಟ್ರ ತಾಯಿ ಬಂದೀತಂತ ಹೇಳಾಕ ಆಗೂದಿಲ್ರಿ ಕಾಕಾ. ರೆಕ್ಕಿ ಬಲತು ಹಾರೂತನಕ ಬಿಡ್ರಿ." ನಾನು ಇನ್ನೇನೋ ಹೇಳುವಷ್ಟರಲ್ಲಿ ಇರ್ಫಾನ್ ಬಾಯಿ ಹಾಕಿದ. "ನೀವ ಹೇಳಿದ್ರೆಲ್ರಿ, ಯಾವ ಜೀವ ಬಂದ್ರೂ ಹೊರಗ ಹಾಕಾಂಗಿಲ್ಲಂತ. ಹುಡುಗೂರು ಅದನ್ನ ಸಾಲಿ ಗ್ವಾಡಿ ಮ್ಯಾಲ ಬರದಾರ." ಹೋಗಿ ನೋಡಿದೆ. ನೀರಿನ ನಳದ ಮೇಲೆ, ಹಸಿರು ಬಣ್ಣದಲ್ಲಿ, ಕೆಳಗೆ ನನ್ನ ಪೂರ್ತಿ ಹೆಸರು. ಜೀವನದಲ್ಲಿ ಮೊದಲ ಸಲ ನನ್ನ ಮಾತನ್ನು ಯಾರೋ ಬರೆದಿಟ್ಟಿದ್ದರು, ಅದೂ ಆಯಿಲ್ ಪೇಂಟಿನಲ್ಲಿ.

ಸರಿ, ಮುಚ್ಚಿಡುವುದೆಂದು ತೀರ್ಮಾನವಾಯಿತು. ನನ್ನ ಲೆಕ್ಕಾಚಾರ ಸುಲಭದ್ದು. ನಾವು ಹೊತ್ತು ಮುಳುಗುವ ಮೊದಲು ಉಂಡು ಒಲೆ ಆರಿಸುವ ಜನ. ಗೂಬೆ ಹೊತ್ತು ಮುಳುಗಿದ ಮೇಲೆ ಎದ್ದು ಊಟಕ್ಕೆ ಹೊರಡುವ ಜೀವ. ಬೀಗತಿ ಬಂದರೂ ಬೇಗ ಊಟಕ್ಕೆ ಹಾಕಿ, ಬೆಳಕಿರುವಾಗಲೇ ಬಸ್ಸು ಹತ್ತಿಸಿದರೆ ಅವರಿಗೂ ಗೂಬೆಗೂ ಭೇಟಿಯೇ ಆಗುವುದಿಲ್ಲ. ಸ್ನೇಹಲ್‌ಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ. ರೇಣುಕಾಳ ಮೊಬೈಲಿನಲ್ಲಿ ಮರಿಗಳ ಫೋಟೋ ನೋಡಿ, "ಅಪ್ಪಾ, ನೀ ನಿದ್ದಿಗಣ್ಣಾಗ ಎದ್ದು ಕುಂತಾಗ ಥೇಟ್ ಹಿಂಗ ಕಾಣ್ತಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬೀಗತಿ ಬಂದೇ ಬಂದರು. ಸೊಸೆಗೆ ಹಸಿರು ಬಳೆ ತೊಡಿಸಿದರು, ಹೊಟ್ಟೆ ತುಂಬ ಉಂಡರು. ನಾನು ಬಸ್ಸಿನ ಮಾತು ತೆಗೆದೆ. ಆಮೇಲೆ ಇನ್ನೊಮ್ಮೆ ತೆಗೆದೆ. "ಬೀಗರು ನನ್ನ ಕಳಿಸಾಕ ಭಾಳ ಗಡಿಬಿಡಿ ಮಾಡಾಕತ್ತಾರಲಾ? ನಾ ಇವತ್ತ ರಾತ್ರಿ ವಸ್ತಿ ಇರಾಕಿ" ಎಂದು ಅವರು ಕಟ್ಟೆಯ ಮೇಲೆ ಕಾಲು ಚಾಚಿ ಕೂತರು. ಹೊತ್ತು ಮುಳುಗಿತು. ಗೋಡೌನಿನಿಂದ ಬುಸ್ ಎಂದು ಸದ್ದು ಬಂತು.

"ಅದೇನ್ರಿ ಸಪ್ಪಳ?"

"ಕುಕ್ಕರ್ರಿ ಅಕ್ಕಾರ" ಎಂದುಬಿಟ್ಟೆ.

ಬೀಗತಿ ನೆಟ್ಟಗೆ ಕೂತರು. "ಹೊತ್ತು ಮುಣಗಿದ ಮ್ಯಾಲ ನಿಮ್ಮ ಮನ್ಯಾಗ ಒಲಿ ಹಚ್ತೀರಿ?"

ಇಡೀ ಪ್ರಪಂಚದಲ್ಲಿ ಹೇಳಬಹುದಾದ ಸುಳ್ಳುಗಳಲ್ಲಿ ನಮ್ಮಂಥವರ ಮನೆಯಲ್ಲಿ ಹೇಳಬಾರದ ಒಂದೇ ಸುಳ್ಳನ್ನು ಹುಡುಕಿ ಹೇಳಿದ್ದೆ. ಸುಶೀಲಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ನಾನು ತೊದಲುತ್ತಿರುವಾಗಲೇ ಅಂಗಳದ ಬಾಗಿಲು ತೆರೆಯಿತು. ರೇಣುಕಾ ಮತ್ತು ಇರ್ಫಾನ್, ಅವರ ಹಿಂದೆ ಸಾಲಾಗಿ, ಬಾಯಿಯ ಮೇಲೆ ಬೆರಳಿಟ್ಟುಕೊಂಡ ಶಾಲೆಯ ಮಕ್ಕಳು. ಬೀಗತಿ ಬಂದಿರುವುದನ್ನು ಅವರಿಗೆ ಹೇಳಲು ನಾನು ಮರೆತಿದ್ದೆ. ಮುಂದಿದ್ದ ಹುಡುಗಿ ಬೀಗತಿಗೆ ಪಿಸುಮಾತಿನಲ್ಲಿ, "ಗೂಗಿ ಮರಿ ನೋಡಾಕ ಬಂದೇವ್ರಿ ಅಜ್ಜಿ, ಸಪ್ಪಳ ಮಾಡಬ್ಯಾಡ್ರಿ" ಎಂದಳು.

"ಅಗ ಬಾಯಿ! ಘುಬಡ?" ಎಂದು ಮರಾಠಿಯಲ್ಲಿ ಉದ್ಗರಿಸಿ, ಬೀಗತಿ ಎದ್ದು ನೇರವಾಗಿ ಗೋಡೌನಿನ ಕಡೆ ನಡೆದರು. ನಾವೆಲ್ಲ ಅವರ ಹಿಂದೆ ಹೋದೆವು. ಅದೇ ಹೊತ್ತಿಗೆ ಬೆಳಕಿಂಡಿಯಲ್ಲಿ ಬಿಳಿಯ ಗೂಬೆಯೊಂದು ರೆಕ್ಕೆಯ ಸದ್ದೂ ಇಲ್ಲದೆ ಬಂದು ಇಳಿಯಿತು. ಕಾಲಲ್ಲಿ ಇಲಿ. ಅಟ್ಟದ ಮೇಲೆ ಗದ್ದಲವೋ ಗದ್ದಲ. ಬೀಗತಿ ಕಣ್ಣು ಕಿರಿದು ಮಾಡಿ ನೋಡಿದರು. "ತಾಯೇನವಾ ಇದು?" ಎಂದು ರೇಣುಕಾಳನ್ನು ಕೇಳಿದರು.

ರೇಣುಕಾ ಒಮ್ಮೆ ಸುಶೀಲೆಯ ಮುಖ ನೋಡಿ ಹೇಳಿದಳು. "ಇಲ್ರಿ, ತಂದಿ ಇರಬೇಕ್ರಿ. ತತ್ತಿ ಇಟ್ಟಾಗಿಂದ ತಾಯಿ ಮರಿ ಬಿಟ್ಟು ಏಳೂದಿಲ್ರಿ. ಗಂಡ ತಂದು ಕೊಡತೈತಿ, ಆಕಿ ಕುಂತಲ್ಲೆ ತಿಂತಾಳ."

"ಊರಾಗ ಇಷ್ಟ ಮನಿ ಅದಾವು. ಇದ ಮನಿ ಯಾಕ?"

"ಇಲ್ಲೆ ಯಾರೂ ಓಡ್ಸೂದಿಲ್ರಿ. ವಿಷಾ ಇಡೂದಿಲ್ಲ. ತಿನ್ನಾಕ ಹೊಟ್ಟಿ ತುಂಬ ಸಿಗತೈತಿ."

ಬೀಗತಿ ಮತ್ತೊಮ್ಮೆ ಅಟ್ಟದ ಕಡೆ ಕತ್ತೆತ್ತಿ ನೋಡಿದರು. ನನಗೆ ನಿಪ್ಪಾಣಿಗೆ ಹೊರಟ ಬಸ್ಸು ಕಣ್ಣಿಗೆ ಕಟ್ಟಿತು. ಆಮೇಲೆ ಅವರು ಗೊಬ್ಬರದ ಚೀಲದ ಮೇಲೆ ನಿಧಾನವಾಗಿ ಕೂತು, "ಅಂದ್ರ ಈಕಿನೂ ಬಾಣಂತನಕ್ಕ ಬಂದಾಳ ಅನ್ನು" ಎಂದರು. "ಸುಶೀಲಾಬಾಯಿ, ಪಕ್ಷಿಗೂ ತಿಳದೈತಿ ನಿಮ್ಮ ಕೈಗುಣ. ಬಾಣಂತಿನ್ನ ಎಬ್ಬಿಸಿ ಯಾರರ ಹೊರಗ ಹಾಕ್ತಾರ? ಆಕಿ ಇರಲಿ, ನಮ್ಮ ಸ್ನೇಹಲ್‌ನೂ ಇಲ್ಲೇ ಇರಲಿ." ಆಮೇಲೆ ನನ್ನ ಕಡೆ ತಿರುಗಿದರು. "ಬೀಗರ, ನನಗ ಗೂಗಿ ಅಂಜಿಕಿ ಇಲ್ಲ. ರಾತ್ರಿ ಕುಕ್ಕರ್ ಹಚ್ಚೂ ಮನಿಗೆ ಸೊಸಿ ಬಿಟ್ಟೀನೇನೋ ಅಂತ ಅಂಜಿದ್ದೆ."

ಸುಶೀಲಾ ಅಳುತ್ತಲೇ ನಕ್ಕಳು. ಮಕ್ಕಳ ಹಿಂದೆ ನಿಂತು ರೇಣುಕಾ ಕೂಡ ದುಪಟ್ಟಾದಿಂದ ಕಣ್ಣು ಒರೆಸಿಕೊಂಡಳು. "ನೀವು ಗೂಡ ಕೀಳಿಸಿದ್ರ ನಾಳಿಂದ ಈ ಹುಡುಗೂರ ಮುಂದ ಏನಂತ ನಿಂದರತಿದ್ದೆ ಕಾಕಾ" ಎಂದಳು. ಪಾಪ, ಅಷ್ಟು ದಿನ ಆ ಹುಡುಗಿಯ ಎದೆಯ ಮೇಲೂ ಒಂದು ಕಲ್ಲಿತ್ತೆಂದು ನನಗೆ ಆಗಲೇ ಹೊಳೆದದ್ದು.

ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು, ತಾಯಿಯೂ ಆರಾಮ. ಗೂಬೆಗಳು ಹಾರಿಹೋದವು. ನಾನು ನೆಮ್ಮದಿಯ ಉಸಿರು ಬಿಟ್ಟು ಮಲಗಿದೆ, ಆದರೆ ಅದೇ ಉಸಿರು ಮುಳುವಾಯಿತು. "ನಿಮ್ಮ ಗೊರಕಿಗೆ ಕೂಸು ಬೆಚ್ಚಿ ಬೀಳತೈತಿ, ಗೋಡೌನದಾಗ ಮಲಗ್ರಿ" ಎಂದು ಸುಶೀಲಾ ನನ್ನ ಹಾಸಿಗೆ ಸುತ್ತಿ ಕೊಟ್ಟಳು. ಯಾವ ಜೀವ ಬಂದರೂ ಹೊರಗೆ ಹಾಕದ ಮನೆಯಿಂದ ಮನೆಯ ಯಜಮಾನನೇ ಹೊರಗೆ! ಮಗುವನ್ನು ನೋಡಲು ಬಂದ ರೇಣುಕಾಳಿಗೆ, "ನನ್ನ ಪರವಾಗಿ ಒಂದು ಮಾತು ಹೇಳವಾ ತಂಗಿ" ಎಂದು ಅಂಗಲಾಚಿದೆ. ಅವಳು ಬಹಳ ಗಂಭೀರವಾಗಿ ಯೋಚಿಸಿ, "ಕಾಕಾ, ಗಂಡ ಗೂಗಿನೂ ಮರಿ ಇದ್ದಾಗ ಬ್ಯಾರೆ ಕಡೆ ಮಲಗತೈತ್ರಿ" ಎಂದಳು. ಇರ್ಫಾನ್ ತೊಟ್ಟಿಲಿನ ಕಡೆ ಮುಖ ತಿರುಗಿಸಿ ನಗುತ್ತಿದ್ದ. ನಾನು ಹಾಸಿಗೆ ಬಗಲಲ್ಲಿ ಇಟ್ಟುಕೊಂಡು ಹೊರಟೆ. ಹೊಸ್ತಿಲು ದಾಟುವಷ್ಟರಲ್ಲಿ ಒಳಗಿನಿಂದ ಸುಶೀಲೆಯ ಧ್ವನಿ ಬಂತು. "ಹೆಂಗೂ ಹೊರಗ ಹೊಂಟೀರಿ, ಬಾಣಂತಿಗೆ ಅಂಟಿನುಂಡಿ ಕಟ್ಟಾಕ ಅಂಟು, ಕೊಬ್ಬರಿ, ಉತ್ತತ್ತಿ ತಗೊಂಡ ಬರ್ರಿ."