ಎಲೆಯ ಮೇಲಿನ ಮೇಲ್ ರೈಲು

ಹನೂರಿಗೆ ರೈಲು ಬರುವುದಿಲ್ಲ. ಆ ಊರಿಗೆ ವರ್ಗವಾಗಿ ಹೋದ ನಾನು ಮಾತ್ರ ಟಪಾಲು ರೈಲಿನ ಚಿತ್ರವಿರುವ ಹಳೆಯ ಅಂಚೆಚೀಟಿಗಳನ್ನು ಕೂಡಿಹಾಕಲು ಹೊರಟೆ. ಅದು ಅರವತ್ತರ ದಶಕ. ನನಗಿನ್ನೂ ಮದುವೆಯಾಗಿರಲಿಲ್ಲ. ಕಚೇರಿಗೆ ಬೀಗ ಬಿದ್ದ ಮೇಲೆ ಮರುದಿನ ಅದು ತೆರೆಯುವ ತನಕ ನನ್ನನ್ನು ಮಾತನಾಡಿಸುವವರೇ ಇರಲಿಲ್ಲ. ಒಮ್ಮೆ ಮನೆಯ ಮಾಲೀಕರಾದ ಪುಟ್ಟಮ್ಮನವರಿಗೆ ನನ್ನ ಸಂಗ್ರಹ ತೋರಿಸಿದೆ. "ಈ ಚೂರು ಕಾಗ್ದ ಯಾಕ್ ಮಡಿಕಂಡಿದ್ದೀರಿ ಸಾ? ಕೊಡಿ, ಒಲೆಗಾಕ್ತೀನಿ" ಎಂದು ಉಪಕಾರ ಮಾಡಲು ಬಂದರು.

ಇಂಥ ದಿನಗಳಲ್ಲಿ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಮಾದಪ್ಪನವರು ಸಿಕ್ಕಿದರು. ಯಳಂದೂರಿನ ಬೆಲ್ಲದ ವ್ಯಾಪಾರಿ. ಅವರಿಗೂ ಇದೇ ಹುಚ್ಚು! ಇಂಗ್ಲೆಂಡಿನ ರಾಜನ ತಲೆಯ ಪಕ್ಕದಲ್ಲಿ ಮೇಲ್ ರೈಲು ಓಡುವ ನಾಲ್ಕಾಣೆ ಚೀಟಿಯೊಂದು ನನ್ನಲ್ಲಿದೆ ಎಂದಾಗ ಅವರ ಕಣ್ಣು ಅರಳಿತು.

"ಭಾನುವಾರ ಬತ್ತೀನಿ ಸಾ. ಅದ ಒಂದ್ಸಲ ಕಣ್ಣಾರ ನೋಡ್ಬೇಕು" ಎಂದರು.

ನನಗೆ ಚೀಟಿಗಿಂತ ಭಾನುವಾರವೇ ಮುಖ್ಯವಾಯಿತು. ನನ್ನ ಮನೆಗೂ ಒಬ್ಬ ಮನುಷ್ಯ ಬರುತ್ತಾನೆ!

ಆ ನಾಲ್ಕಾಣೆಯದು ನನ್ನಲ್ಲಿದ್ದದ್ದು ಒಂದೇ; ಅದೂ ಹಳೆಯ ಲಕೋಟೆಗೆ ಅಂಟಿಕೊಂಡಿತ್ತು. ಭಾನುವಾರ ಬೆಳಿಗ್ಗೆ ನೀರಿನಲ್ಲಿ ನೆನೆಹಾಕಿ ನಾಜೂಕಾಗಿ ಬಿಡಿಸಿದೆ. ಒಣಗಿಸುವುದು ಎಲ್ಲಿ? ಕಾಗದದ ಮೇಲಿಟ್ಟರೆ ಮತ್ತೆ ಅಂಟುತ್ತದೆ. ಆಗ ನನ್ನ ಮೇಧಾಶಕ್ತಿ ಜಾಗೃತವಾಯಿತು. ಅತಿಥಿಗೆಂದು ತಂದ ವೀಳ್ಯದೆಲೆ ನುಣುಪಾಗಿದೆಯಲ್ಲ! ಚಿತ್ರದ ಮೇಲೆ ಧೂಳು ಕೂರಬಾರದೆಂದು ಚೀಟಿಯನ್ನು ಬೋರಲಾಗಿ ಒಂದು ಎಲೆಯ ಮೇಲೆ ಮಲಗಿಸಿ, ತಟ್ಟೆಯಲ್ಲೇ ಬಿಟ್ಟೆ.

ಮಾದಪ್ಪನವರು ಹೇಳಿದ್ದಕ್ಕಿಂತ ಮೊದಲಿನ ಬಸ್ಸಿಗೇ ಬಂದುಬಿಟ್ಟರು. ಸಂಭ್ರಮದಲ್ಲಿ ನನಗೆ ಕೈಕಾಲೇ ಆಡಲಿಲ್ಲ. ಅವರನ್ನು ಚಾಪೆಯ ಮೇಲೆ ಕೂರಿಸಿ, ರೂಢಿಯಂತೆ ಎಲೆಅಡಿಕೆ ತಟ್ಟೆಯನ್ನು ಮುಂದೆ ಸರಿಸಿ, ಕಾಫಿ ಮಾಡಲು ಒಳಗೆ ಓಡಿದೆ. ಲೋಟ ಹಿಡಿದು ಬಂದಾಗ ಅವರು ಜಗಿಯುತ್ತಿದ್ದರು.

"ಎಲೆಗೆ ಸುಣ್ಣಾನೂ ಬಳ್ದು ಮಡಗಿದ್ರಲ್ಲ ಸಾ. ಇಂಥ ಉಪ್ಚಾರ ನಮ್ಮನೇಲೂ ಇಲ್ಲ. ವಸಿ ಒಣಗೋಗಿತ್ತು, ಅಷ್ಟೇಯ."

ತಟ್ಟೆ ನೋಡಿದೆ. ಚೀಟಿ ಇದ್ದ ಎಲೆ ಇರಲಿಲ್ಲ. ಅದರ ಬಿಳಿ ಬೆನ್ನನ್ನು ಅವರು ಸುಣ್ಣವೆಂದುಕೊಂಡಿದ್ದರು. ರೈಲು ಹೊರಟುಹೋಗಿತ್ತು.

"ಎಲ್ಲಿ ಸಾ, ಆ ರೈಲು ತೋರ್ಸಿ" ಎಂದು ಪಂಚೆಗೆ ಕೈ ಒರೆಸಿಕೊಂಡರು.

ನಿಜ ಹೇಳಿದರೆ ನಾಚಿಕೆಯಿಂದ ಇವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಹೇಳದಿದ್ದರೆ ನಾನು ಸುಳ್ಳುಗಾರ. ತೋರಿಕೆಗೆ ಟ್ರಂಕು ಹುಡುಕಿದೆ, ಹಾಸಿಗೆ ಕೊಡವಿದೆ, ಅಕ್ಕಿ ಡಬ್ಬದಲ್ಲೂ ಕೈಯಾಡಿಸಿದೆ. ಅವರು ಜಗಿಯುತ್ತಲೇ ಬಹಳ ಕನಿಕರದಿಂದ ನನ್ನನ್ನು ನೋಡುತ್ತಿದ್ದರು. ಕೊನೆಗೆ ಎದ್ದು, ನನ್ನ ನಾಲ್ಕಾಣೆಯನ್ನು ಬಾಗಿಲಾಚೆ ಉಗಿದು ಬಂದು, ಹೆಗಲ ಮೇಲೆ ಕೈ ಇಟ್ಟರು.

"ಬುಡಿ ಸಾ, ಉಡುಕ್ಬೇಡಿ. ಒಬ್ರೇ ಇದ್ದೀರಿ. ಯಾರಾರ ಬರ್ಲಿ ಅಂತ ಒಂದ್ ಸುಳ್ ಏಳುದ್ರಿ. ಅದ್ಕೇನಂತೆ? ಬರೋ ವಾರಾನೂ ಬತ್ತೀನಿ."

ಒಬ್ಬನೇ ಇದ್ದದ್ದು ನಿಜ. ಯಾರಾದರೂ ಬರಲಿ ಎಂದು ಕಾದದ್ದೂ ನಿಜ. ಆಡದೇ ಇದ್ದ ಸುಳ್ಳೊಂದನ್ನು ತಲೆ ತಗ್ಗಿಸಿ ಒಪ್ಪಿಕೊಂಡು, "ಬೆಳಗಿನ ಬಸ್ಸಿಗೇ ಬನ್ನಿ" ಎಂದೆ.